ಬೆಳೆರಕ್ಷಣೆಯ ಬಂದೂಕು: ತುಂಬಿಕೊಂಡು ತಿರುಗುವುದರ ಅಪಾಯ

ತೊಗರಿ ಕಾಯಿ ಕಟ್ಟುವ ಕಾಲಕ್ಕೆ ಬೀದರ ಜಿಲ್ಲೆಯ ರೈತನಿಗೆ ರಾತ್ರಿಯ ನಿದ್ರೆ ಅಷ್ಟಕ್ಕಷ್ಟೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಕಡೆಯಾಗಲಿ, ಔರಾದ ಕಡೆಯಾಗಲಿ, ಕಬ್ಬು, ಕಡಲೆ, ಜೋಳ ಬೆಳೆದವರು ಕಾಡುಹಂದಿಯನ್ನು ಕಾಯಲೇಬೇಕು. ಪರವಾನಗಿ ಉಳ್ಳವರು ಬಂದೂಕಿನೊಡನೆ ಕಾವಲಿಗೆ ಹೋಗುತ್ತಾರೆ. ಅನುಕೂಲಸ್ಥರಲ್ಲಿ ಕೆಲವರು ಆತ್ಮರಕ್ಷಣೆಗೆಂದು ಪಡೆದ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೂ ಉಂಟು. ಸಿಂಪರಣಾ ಯಂತ್ರ, ಒಕ್ಕಣೆ ಯಂತ್ರ, ವಿದ್ಯುತ್ ಪಂಪುಗಳ ಬಗ್ಗೆ ಎಚ್ಚರಿಕೆ ಹೇಳುವ ನಾವು, ಹೊಲಕ್ಕೆ ಹೋಗುವ ಈ ಉಪಕರಣದ ವಿಷಯದಲ್ಲಿ ಮಾತ್ರ ಸುಮ್ಮನಿರುವುದು ಸರಿಯಲ್ಲ.

ಬೆಳೆ ರಕ್ಷಣೆಗೆ ಸಾಮಾನ್ಯವಾಗಿ ಸಿಗುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು. 1959ರ ಶಸ್ತ್ರಾಸ್ತ್ರ ಕಾಯಿದೆಯೂ ಇದನ್ನೇ ಹೆಸರಿಸಿದೆ. ಇದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಬಂದೂಕಿಗೆ ಅನುಮತಿ ದೊರೆಯಬಹುದು. ಈ ಬಂದೂಕಿನ ದೋಷವೆಂದರೆ ತುಂಬುವುದು ಸುಲಭ, ತೆಗೆಯುವುದು ಕಷ್ಟ. ತೋಟೆ ಹಾಕುವ ಬಂದೂಕನ್ನು ಮಡಿಚಿ ತೋಟೆ ಹೊರಗೆ ತೆಗೆದರೆ ಅದು ಬರಿದಾಯಿತು. ಕೇಪಿನ ಬಂದೂಕಿನಲ್ಲಿ ಮದ್ದು, ಅದರ ಮೇಲೆ ಗಟ್ಟಿಯಾಗಿ ಜಡಿದ ನಾರು, ಅದರ ಮೇಲೆ ಚರೆ, ಇವೆಲ್ಲ ಒಳಗೇ ಕುಳಿತಿರುತ್ತವೆ. ಹಂದಿ ಬಾರದ ರಾತ್ರಿ ರೈತನು ಅದನ್ನು ತುಂಬಿದಂತೆಯೇ ಮನೆಗೆ ತಂದು ಮೂಲೆಗೆ ಒರಗಿಸುತ್ತಾನೆ. ನಾಲ್ಕು ದಿನ ಕಳೆದು ತುಂಬಿದ್ದು ಮರೆತು ಮತ್ತೊಮ್ಮೆ ಮದ್ದು ಜಡಿದರೆ, ಹಾರಿಸುವಾಗ ನಳಿಗೆ ಸೀಳಿ ಕೈ, ಕಣ್ಣು ಹೋಗಬಹುದು.

ಕುದುರೆ, ಅಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆ, ಅರ್ಧ ಎತ್ತಿದ ಸ್ಥಿತಿಯಲ್ಲಿದ್ದರೆ ಭಯವಿಲ್ಲವೆಂಬ ನಂಬಿಕೆ ಬಹಳ ಜನರಲ್ಲಿದೆ. ಹಳೆಯ ಬಂದೂಕುಗಳಲ್ಲಿ ಆ ಕಚ್ಚು ಸವೆದಿರುತ್ತದೆ. ಬೇಲಿ ದಾಟುವಾಗ ಮುಳ್ಳು ಸಿಕ್ಕಿದರೆ, ಎರೆಮಣ್ಣಿನ ಕೆಸರಿನಲ್ಲಿ ಕಾಲು ಜಾರಿದರೆ, ಕುದುರೆ ಬಿದ್ದೇಬಿಡುತ್ತದೆ. ಆ ಹೊತ್ತಿನಲ್ಲಿ ನಳಿಗೆಯ ಮುಂದೆ ಇರುವವನು ಹಂದಿಯಲ್ಲ, ಟಾರ್ಚು ಹಿಡಿದು ಮುಂದೆ ನಡೆಯುವ ತಮ್ಮ ಅಥವಾ ಮಗ.

ರಿವಾಲ್ವರ್, ಪಿಸ್ತೂಲುಗಳ ಅಪಾಯ ಬೇರೆ ಬಗೆಯದು. ನಳಿಗೆ ಗಿಡ್ಡವಾದುದರಿಂದ ಮಣಿಕಟ್ಟು ಸ್ವಲ್ಪ ತಿರುಗಿದರೂ ಗುರಿ ಪೂರ್ತಿ ಬದಲಾಗುತ್ತದೆ. ಒರೆಯಿಲ್ಲದೆ ಸೊಂಟಕ್ಕೆ ಸಿಕ್ಕಿಸಿ ಮೋಟಾರ್ ಸೈಕಲ್ ಹತ್ತಿದರೆ ಅಂಗಿಯ ಚುಂಗು ಟ್ರಿಗರಿಗೆ ಸಿಕ್ಕಬಹುದು. ಗುಂಡು ತಗಲುವುದು ತನ್ನದೇ ತೊಡೆಗೆ. ಪಿಸ್ತೂಲಿನ ಮ್ಯಾಗಜೀನ್ ತೆಗೆದೊಡನೆ ಬರಿದಾಯಿತೆಂದು ತಿಳಿಯುವುದು ದೊಡ್ಡ ತಪ್ಪು. ಕೋಣೆಯಲ್ಲಿ ಏರಿದ ಒಂದು ಗುಂಡು ಅಲ್ಲೇ ಉಳಿದಿರುತ್ತದೆ. ಇದಲ್ಲದೆ ಆಯುಧ ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದರೆ ಕಸಿಯುವವನಿಗೂ ಅದು ಕಾಣುತ್ತದೆ. ಬದುವಿನ ತಕರಾರು, ಕಾಲುವೆ ನೀರಿನ ಜಗಳ ನಮ್ಮಲ್ಲಿ ಹೊಸದಲ್ಲ. ಬಯ್ದು ಮುಗಿಯಬೇಕಾದ ಮಾತು, ಸೊಂಟದಲ್ಲಿ ತುಂಬಿದ ರಿವಾಲ್ವರ್ ಇದ್ದಾಗ ಬಯ್ಗಳಕ್ಕೇ ನಿಲ್ಲುವುದೆಂಬ ಭರವಸೆ ಇಲ್ಲ. ಪ್ರತಿಷ್ಠೆಗಾಗಿ ಆಯುಧ ತೋರಿಸಿಕೊಂಡು ತಿರುಗುವವರನ್ನು ಕಂಡಾಗ ನನಗೆ ಅವರಿಗಿಂತ ಅವರ ಮನೆಯ ಮಕ್ಕಳದೇ ಚಿಂತೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒರೆಯಲ್ಲೋ ಚೀಲದಲ್ಲೋ, ಉದ್ದ ಬಂದೂಕು ಅದರ ಹೊದಿಕೆಯಲ್ಲೋ ಪೂರ್ತಿ ಮುಚ್ಚಿರತಕ್ಕದ್ದು. ಝಳಪಿಸುವುದು, ಹಾರಿಸುವುದು ನಿಷಿದ್ಧ. ಮದುವೆಯ ಮೆರವಣಿಗೆಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾಯಗಾಂವದಂಥ ಗಡಿಭಾಗದವರು ಇನ್ನೊಂದನ್ನು ನೆನಪಿಡಬೇಕು: ಪರವಾನಗಿಯಲ್ಲಿ ಬರೆದ ಪ್ರದೇಶ ದಾಟಿ ಮಹಾರಾಷ್ಟ್ರದ ನೆಂಟರ ಹೊಲಕ್ಕೆ ಬಂದೂಕು ಒಯ್ಯುವಂತಿಲ್ಲ.

ಚರೆ ಎಷ್ಟು ದೂರ ಹೋಗುತ್ತದೆ?

ಇದಕ್ಕೆ ಸುಲಭ ಲೆಕ್ಕವಿದೆ. ದುಂಡು ಸೀಸದ ಚರೆಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು 80ರಿಂದ ಗುಣಿಸಿದರೆ ಅದು ಹೋಗಬಹುದಾದ ಗರಿಷ್ಠ ದೂರ ಮೀಟರಿನಲ್ಲಿ ಸುಮಾರಾಗಿ ಸಿಗುತ್ತದೆ. ಹಂದಿಗೆ ಬಳಸುವ 9 ಮಿಲಿಮೀಟರಿನ ದಪ್ಪ ಚರೆ 720 ಮೀಟರ್ ಹೋಗಬಲ್ಲುದು. ಚೌಕಾಕಾರದ ಒಂದು ಎಕರೆಯ ಬದಿ 64 ಮೀಟರಷ್ಟೆ. ಅಂದರೆ ಸಾಲಾಗಿ 11 ಹೊಲಗಳ ಆಚೆ ನೀರು ಹಾಯಿಸುತ್ತಿರುವವನವರೆಗೂ ಅದು ಮುಟ್ಟೀತು. ಆಳೆತ್ತರದ ತೊಗರಿಯಲ್ಲಿ ಆ ಮನುಷ್ಯ ಕಾಣುವುದಿಲ್ಲ. ಸಪ್ಪಳ ಮಾತ್ರ ಕೇಳುತ್ತದೆ. ಹಂದಿಯೆಂದು ಬಗೆದು ಮನುಷ್ಯನಿಗೆ ಗುಂಡು ಹಾರಿಸಿದ ಪ್ರಕರಣಗಳು ಕೊಡಗು, ಮಲೆನಾಡುಗಳಲ್ಲಿ ಮತ್ತೆ ಮತ್ತೆ ನಡೆದಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯಿಂದ ವಿನಾಯಿತಿ ಉಂಟು, ಬಂದೂಕಿನ ಪಳಗಿಕೆಯೂ ಉಂಟು. ಪಳಗಿದವರ ನಾಡಿನಲ್ಲೇ ಹೀಗಾದರೆ ನಮ್ಮ ಮಾತೇನು?

ಆದುದರಿಂದ ಮನೆಯಲ್ಲಾಗಲಿ ದಾರಿಯಲ್ಲಾಗಲಿ ಬಂದೂಕು ತುಂಬಕೂಡದು. ಅಟ್ಟಣಿಗೆ ಏರಿ ಕುಳಿತ ಮೇಲೆಯೇ ತುಂಬಿ, ಕೇಪನ್ನು ಕಟ್ಟಕಡೆಗೆ ಇಡಬೇಕು. ಅಟ್ಟಣಿಗೆ ಹತ್ತುವಾಗ ಬಂದೂಕು ಬರಿದಾಗಿರಲಿ. ಹಾರಿಸಿದ್ದು ಸಿಡಿಯದಿದ್ದರೆ ನಳಿಗೆಯನ್ನು ಜನರಿಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ 1 ನಿಮಿಷ ಕಾಯಬೇಕು. ತಂಪು ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಬೆಳಗಾದ ಮೇಲೆ ಮೊದಲು ಕೇಪು ತೆಗೆದು, ಆ ಬಳಿಕ ಮದ್ದನ್ನು ಹೊರತೆಗೆಯುವ ಕ್ರಮವನ್ನು ಪರವಾನಗಿ ಪಡೆದ ಬಂದೂಕು ರಿಪೇರಿಗಾರನಿಂದ ಕಲಿತುಕೊಳ್ಳಿರಿ. ಮದ್ದು, ಚರೆ, ಕೇಪುಗಳಿಗೆ ಬಂದೂಕಿನಿಂದ ಬೇರೆಯಾದ ಬೀಗದ ಪೆಟ್ಟಿಗೆ ಇರಲಿ. ಕುಡಿದವನ ಕೈಗೆ ಬಂದೂಕು ಕೊಡುವ ಮಾತೇ ಇಲ್ಲ.

ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2ನೆಯ ಅನುಸೂಚಿಯಲ್ಲಿದೆ. ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ನಮ್ಮ ಜಿಲ್ಲೆಯ ಕೃಷ್ಣಮೃಗವಂತೂ 1ನೆಯ ಅನುಸೂಚಿಯದು. ಹಿಂಗಾರಿನ ಕಡಲೆ, ಜೋಳಗಳಿಗೆ ಅಂಚಿನ ಸುತ್ತ ಮುಳ್ಳುಕುಸುಬೆಯ ಕೆಲವು ಸಾಲು ಒತ್ತಾಗಿ ಬಿತ್ತುವ ಹಿರಿಯರ ಪದ್ಧತಿ ಈಗಲೂ ಉಪಯುಕ್ತ, ಎಣ್ಣೆಕಾಳೂ ಸಿಗುತ್ತದೆ. ಮುಂಗಾರಿನ ಬೆಳೆಗೆ ಇದು ಒದಗದು. ಅಲ್ಲಿ ಸೌರಬೇಲಿಯೇ ಮೇಲು. ಆದರೆ ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡಬಾರದು, ಅದು ತುಂಬಿದ ಬಂದೂಕಿಗಿಂತ ಕೆಟ್ಟದ್ದು. ಬೆಳೆ ಹಾಳಾದರೆ ಹೊಲದ ಚಿತ್ರ, ಪಹಣಿಯೊಡನೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿಯನ್ನು ತಡಮಾಡದೆ ಸಲ್ಲಿಸಿರಿ.