ದೇಹದ ದೂತರು

1918ರ ಇನ್‌ಫ್ಲುಯೆಂಜಾ ಮಹಾಮಾರಿ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಅದಕ್ಕೆ ಬಲಿಯಾದರೆಂದು ಅಂದಾಜು. ಸಾಮಾನ್ಯವಾಗಿ ಶಿಶುಗಳಿಗೂ ವೃದ್ಧರಿಗೂ ಮಾರಕವಾಗುವ ಈ ಜ್ವರ ಅಂದು ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರನ್ನೂ ಅಪಾರ ಸಂಖ್ಯೆಯಲ್ಲಿ ಕೊಂದಿತು. ಬಲಿಷ್ಠ ದೇಹಗಳು ಸೋತುದೇಕೆ? ಇದನ್ನು ತಿಳಿಯಲು, ರೋಗ ತಗುಲಿದಾಗ ದೇಹದೊಳಗೆ ಹರಿದಾಡುವ ಸಂದೇಶಗಳನ್ನು ಅರಿಯಬೇಕು.

ಬೆಂಗಳೂರಿನ ಬಾಗಲಗುಂಟೆಯ ಜನನಿಬಿಡ ಬೀದಿಯೊಂದರಲ್ಲಿ ಫ್ಲೂ ತಗುಲಿದವನೊಬ್ಬನು ಸೀನಿದನೆಂದು ಭಾವಿಸೋಣ. ತುಂತುರಿನೊಡನೆ ಹೊರಬಿದ್ದ ವೈರಸ್ಸು ಬಳಿಯಲ್ಲಿದ್ದವನ ಶ್ವಾಸಮಾರ್ಗದ ಜೀವಕೋಶವನ್ನು ಹೊಕ್ಕು, ತನ್ನ ಪ್ರತಿರೂಪಗಳನ್ನು ಸೃಷ್ಟಿಸತೊಡಗುತ್ತದೆ. ಆದರೆ ಜೀವಕೋಶದಲ್ಲಿ ಕಾವಲುಗಾರರಂತಹ ಪ್ರೋಟೀನುಗಳಿವೆ. ಅವು ವೈರಸ್ಸಿನ ಆರ್‌ಎನ್‌ಎಯನ್ನು ಪರಕೀಯವೆಂದು ಗುರುತಿಸಿದೊಡನೆ ಜೀವಕೋಶವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಸೂಸುತ್ತದೆ. ಕಳ್ಳರು ನುಗ್ಗಿದ ಮನೆಯವರ ಕೂಗು ಕೇಳಿ ನೆರೆಯವರು ಅಗಳಿ ಹಾಕಿಕೊಳ್ಳುವಂತೆ, ಸುತ್ತಲಿನ ಜೀವಕೋಶಗಳು ವೈರಸ್ಸಿನ ವೃದ್ಧಿಯನ್ನು ತಡೆಯಲು ಸಿದ್ಧವಾಗುತ್ತವೆ.

ಈ ದೂತನನ್ನು 1957ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದವರು ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್. ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಅವರು ಕೋಳಿಮೊಟ್ಟೆಯ ಭ್ರೂಣದ ಪೊರೆಯ ಚೂರುಗಳೊಡನೆ ದ್ರವದಲ್ಲಿರಿಸಿದರು. ಬಳಿಕ ಆ ದ್ರವವು ಹೊಸ ಚೂರುಗಳಲ್ಲಿ ಜೀವಂತ ವೈರಸ್ಸಿನ ವೃದ್ಧಿಯನ್ನೂ ತಡೆಯಿತು.

ಇಂಟರ್‌ಫೆರಾನಿನಂತಹ ದೂತವಸ್ತುಗಳಿಗೆ ಸೈಟೊಕೈನುಗಳೆಂದು ಹೆಸರು. ಕೆಲವು ಬಿಳಿಯ ರಕ್ತಕಣಗಳನ್ನು ಸೋಂಕಿನ ಎಡೆಗೆ ಕರೆಯುತ್ತವೆ. ಕೆಲವು ಮಿದುಳಿಗೆ ಸುದ್ದಿ ಮುಟ್ಟಿಸಿ ಮೈಯ ಕಾವನ್ನು ಏರಿಸುತ್ತವೆ. ಜ್ವರ, ಮೈಕೈನೋವು, ಆಯಾಸಗಳು ಬಹುಮಟ್ಟಿಗೆ ದೇಹವು ಹೂಡಿದ ಹೋರಾಟದ ಲಕ್ಷಣಗಳೇ. ವೈರಸ್ಸೂ ಸುಮ್ಮನಿರುವುದಿಲ್ಲ, ಅದರ ಒಂದು ಪ್ರೋಟೀನು ಇಂಟರ್‌ಫೆರಾನಿನ ಕರೆಯನ್ನೇ ಅಡಗಿಸಲೆಳಸುತ್ತದೆ. ಕೆಲವು ದಿನಗಳಲ್ಲಿ ಪ್ರತಿಕಾಯಗಳು ಸಿದ್ಧವಾಗಿ ವೈರಸ್ಸು ಹಿಮ್ಮೆಟ್ಟಿದಾಗ ಸಂದೇಶಗಳೂ ತಗ್ಗಬೇಕು. ತಗ್ಗದಿದ್ದರೆ ರಕ್ಷಣೆಯೇ ಹಾನಿಯಾಗುತ್ತದೆ: ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರಾಟ ಕಷ್ಟವಾಗುತ್ತದೆ.

1918ರ ಸಾವುಗಳಲ್ಲಿ ಅನೇಕವು ವೈರಸ್ಸಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾಗಳ ನ್ಯುಮೋನಿಯದಿಂದಾದವು. ಜೊತೆಗೆ ಸಂದೇಶಗಳ ಅತಿರೇಕವೂ ಒಂದು ಕಾರಣವಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಮರುಸೃಷ್ಟಿಸಿದ ಆ ವೈರಸ್ಸನ್ನು ಕೋತಿಗಳಿಗೆ ತಗುಲಿಸಿ ನಡೆಸಿದ ಪ್ರಯೋಗದ ವರದಿ 2007ರಲ್ಲಿ ಪ್ರಕಟವಾಯಿತು. ಅವುಗಳ ದೇಹರಕ್ಷಣೆ ಹದ ತಪ್ಪಿದುದನ್ನು ಅದು ತೋರಿಸಿತು.

ಹೀಗೆ, ದೇಹದ ಗೆಲುವು ಬಲವೊಂದರಿಂದಲೇ ಆಗುವುದಿಲ್ಲ. ಸಕಾಲದ ಎಚ್ಚರಿಕೆಯೂ ಸಕಾಲದ ಸಂಯಮವೂ ಅದಕ್ಕೆ ಬೇಕು. ಲಸಿಕೆ ದೇಹಕ್ಕೆ ಶತ್ರುವನ್ನು ಮೊದಲೇ ಪರಿಚಯಿಸುತ್ತದೆ. ವೈರಸ್ಸು ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ಕಾಲಕಾಲಕ್ಕೆ ಬದಲಿಸಬೇಕಾಗುತ್ತದೆ. ಸೀನುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಕೈ ತೊಳೆಯುವುದು, ಜ್ವರ ಬಂದಾಗ ಮನೆಯಲ್ಲಿದ್ದು ವಿಶ್ರಮಿಸುವುದು, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರನ್ನು ಕಾಣುವುದು ನಮ್ಮೆಲ್ಲರ ಕರ್ತವ್ಯ.