ಕೆಂಪು ಬಣ್ಣ, ದಪ್ಪ ಸದ್ದು: ಇಷ್ಟಿದ್ದರೆ ಸ್ಪೋರ್ಟಿ ಕಾರೇ?

ಪಿಯುಸಿ ಮುಗಿಸಿದ ಹುಡುಗರನ್ನು ಎಂಥ ಕಾರು ಬೇಕೆಂದು ಕೇಳಿ ನೋಡಿ. ಕೆಂಪು ಬಣ್ಣ, ಅಲಾಯ್ ಚಕ್ರ, ಹಿಂದೊಂದು ಸ್ಪಾಯ್ಲರ್, ಸೈಲೆನ್ಸರ್‌ನಿಂದ ದಪ್ಪ ಸದ್ದು. ಬೆಲೆ ಮಾತ್ರ ಅಪ್ಪನ ಭತ್ತದ ದುಡ್ಡಿನಲ್ಲಿ ತೀರಬೇಕು. ಆಸೆ ತಪ್ಪಲ್ಲ. ಆದರೆ ಈ ಪಟ್ಟಿಯಲ್ಲಿ ಕಾರನ್ನು ಚುರುಕಾಗಿಸುವಂಥದ್ದು ಹೆಚ್ಚೇನೂ ಇಲ್ಲ.

ಚುರುಕುತನವೆಂದರೆ ಎಂಜಿನ್ನಿನ ಶಕ್ತಿಗೂ ಕಾರಿನ ತೂಕಕ್ಕೂ ಇರುವ ಅನುಪಾತ. 1983ರಲ್ಲಿ ಬಂದ ಮಾರುತಿ 800ಕ್ಕೆ 40 ಅಶ್ವಶಕ್ತಿಯೂ ಇರಲಿಲ್ಲ. ಆದರೆ ತೂಕ ಸುಮಾರು 650 ಕಿಲೋ ಮಾತ್ರ. ಟನ್ನು ಮೀರಿ ತೂಗುತ್ತಿದ್ದ ಅಂಬಾಸಿಡರ್ ಎದುರು ಅದು ಜಿಂಕೆಯಂತೆ ಕಂಡದ್ದು ಅದಕ್ಕೇ. 2024ರ ಸ್ವಿಫ್ಟ್ ಸುಮಾರು 920 ಕಿಲೋ ತೂಕದ್ದು, 81 ಅಶ್ವಶಕ್ತಿಯದು. ಅಂದರೆ ಟನ್ನಿಗೆ 88. ಕೈಗೆಟಕುವ ಬೆಲೆಯಲ್ಲಿ ಇದು ಕಡಿಮೆಯೇನಲ್ಲ. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ನಿಜಕ್ಕೂ ಸ್ಪೋರ್ಟಿ ರೂಪದ್ದೇ. ಆದರೆ ಇದ್ದದ್ದು ಎರಡೇ ಸೀಟು. ಹುಲಿಗಿ ಜಾತ್ರೆಗೆ ಅಜ್ಜಿಯನ್ನು ಎಲ್ಲಿ ಕೂರಿಸುವುದು?

ಇನ್ನು ಸ್ಪಾಯ್ಲರ್. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಊರ ವೇಗದಲ್ಲಿ ಅದು ಲೆಕ್ಕಕ್ಕಿಲ್ಲ. ಮೇಲಾಗಿ ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಸ್ಪಾಯ್ಲರ್ ಒತ್ತುವುದು ಹಿಂದಿನವನ್ನು!

ಹುಡುಗರು ಕೇಳದೇ ಇರುವ ಪ್ರಶ್ನೆ ಒಂದಿದೆ: ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ? ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 17 ಮೀಟರ್ ಓಡಿರುತ್ತದೆ. ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ವೇಗ 100 ಆದರೆ ಒಟ್ಟು 83 ಮೀಟರ್. ಚಲನಶಕ್ತಿಯ ಸೂತ್ರದಲ್ಲಿರುವ ವೇಗದ ವರ್ಗ ಪರೀಕ್ಷೆಯ ಅಂಕಕ್ಕಷ್ಟೇ ಇರುವುದಲ್ಲ.

ಇನ್ನು ನಮ್ಮ ಕಡೆಯ ಸುಗ್ಗಿಯನ್ನು ನೆನೆಯಿರಿ. ರಸ್ತೆಯ ಅರ್ಧಕ್ಕೆ ಒಣಹಾಕಿದ ಭತ್ತ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಟೈರಿನಡಿ ಕಾಳುಗಳು ಗೋಲಿಯಂತೆ ಉರುಳುತ್ತವೆ. ಘರ್ಷಣೆ ಅರ್ಧಕ್ಕಿಳಿದರೆ ಬ್ರೇಕಿನ ದೂರ ಇಮ್ಮಡಿ. ಎಬಿಎಸ್ ಇದ್ದರೆ ಬ್ರೇಕ್ ಹಿಡಿದೇ ಸ್ಟಿಯರಿಂಗ್ ತಿರುಗಿಸಬಹುದು, ಆದರೆ ಇಲ್ಲದ ಘರ್ಷಣೆಯನ್ನು ಅದು ಹುಟ್ಟಿಸಲಾರದು.

ಪಾಲಕರೇ, ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡಬೇಡಿ. 2019ರ ತಿದ್ದುಪಡಿಯಂತೆ ಪಾಲಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ವಯಸ್ಸಾದವನಿಗೆ ಹಳೆಯ ಕಾರು ಕೊಳ್ಳುವುದಾದರೆ ಅಲಾಯ್‌ಗಿಂತ ಮೊದಲು ಟೈರ್ ನೋಡಿ. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರನ್ನು ಬದಲಿಸಿಯೇ ಮಗನನ್ನು ರಸ್ತೆಗೆ ಬಿಡಿ.