ಬ್ಯಾಟರಿಯ ಕಾವು: ಅಂದಾಜು ಬೇಡ, ಅಳೆದು ನೋಡೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಪಂಪ್‌ಸೆಟ್ಟಿಗೆ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂತೆಂದರೆ, ಕಬ್ಬಿಗೆ ನೀರು ಬಿಡಲು ಕತ್ತಲಲ್ಲೇ ಹೊಲಕ್ಕೆ ಹೋಗಬೇಕು. ಹಾವು-ಚೇಳಿನ ಭಯಕ್ಕೆ ಕೈಯಲ್ಲಿ ಬ್ಯಾಟರಿ ಬೇಕೇ ಬೇಕು. ಈಗಿನ ಬ್ಯಾಟರಿಗಳು ಹೆಚ್ಚಾಗಿ ಚಾರ್ಜ್ ಮಾಡುವ ಲಿಥಿಯಂ ಸೆಲ್ಲಿನವು. ಅವನ್ನು ಚಾರ್ಜಿಗೆ ಹಚ್ಚಿ ಪಕ್ಕದಲ್ಲೇ ಮಕ್ಕಳನ್ನು ಮಲಗಿಸುತ್ತೇವೆ. "ಸ್ವಲ್ಪ ಬಿಸಿ ಆಗತೈತಿ, ಏನೂ ಆಗೂದಿಲ್ಲ ಬಿಡ್ರಿ" ಎನ್ನುತ್ತೇವೆ. ಆದರೆ ಸ್ವಲ್ಪ ಅಂದರೆ ಎಷ್ಟು?

ಇದನ್ನು ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಎಂಬ ಪಿಸ್ತೂಲಿನ ಆಕಾರದ ಸಾಧನವಿದೆ. ಅಗ್ಗದ್ದು ಸುಮಾರು ಸಾವಿರ ರೂಪಾಯಿಗೆ ಸಿಗುತ್ತದೆ. ಬಿಸಿಯಾದ ವಸ್ತು ಕಣ್ಣಿಗೆ ಕಾಣದ ಕಿರಣಗಳನ್ನು ಬಿಡುತ್ತದೆ. ಸಾಧನ ಅವನ್ನು ಹಿಡಿದು, ಮುಟ್ಟದೆಯೇ ಡಿಗ್ರಿ ತೋರಿಸುತ್ತದೆ. 2020ರಲ್ಲಿ ಕೊರೊನಾ ಬಂದಾಗ ಹಣೆಗೆ ಹಿಡಿಯುತ್ತಿದ್ದುದೂ ಇದೇ ಜಾತಿಯದು. ಆದರೆ ಅದು ಜ್ವರ ನೋಡಲು ಮಾತ್ರ. ವಸ್ತುಗಳನ್ನು ಅಳೆಯುವಂಥದ್ದನ್ನೇ ಕೇಳಿ ಕೊಳ್ಳಬೇಕು.

ಈ ಸಾಧನವೂ ಒಂದು ಕಡೆ ಮೋಸ ಹೋಗುತ್ತದೆ. ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಹೊರಮೈಗೆ ಹಿಡಿದು ನೋಡಿ. ನೀರು ನೂರು ಡಿಗ್ರಿಯ ಹತ್ತಿರ ಇದ್ದರೂ ಅಂಕಿ ಬಹಳ ಕಡಿಮೆ ಬರುತ್ತದೆ. ಮಸಿ ಹಿಡಿದ ಪಾತ್ರೆಯಾದರೆ ಅಂಕಿ ಹೆಚ್ಚು ಕಡಿಮೆ ಸರಿಯಾಗಿರುತ್ತದೆ. ಹೊಳೆಯುವ ಲೋಹ ತನ್ನ ಕಾವನ್ನು ಕಿರಣವಾಗಿ ಬಿಡುವುದು ಕಡಿಮೆ. ನಮ್ಮ ಬ್ಯಾಟರಿಯ ಮೈ ಹೊಳೆಯುವ ಲೋಹದ್ದಾದರೆ ಇದೇ ತೊಂದರೆ. ಉಪಾಯ ಸುಲಭ: ವೈರಿಗೆ ಸುತ್ತುವ ಕರಿ ಟೇಪಿನ ಚಿಕ್ಕ ತುಂಡನ್ನು ಅಂಟಿಸಿ, ಐದು ನಿಮಿಷ ಬಿಟ್ಟು ಅದರ ಮೇಲೆ ಅಳೆಯಿರಿ. ಸಾಧನವನ್ನು ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ದೂರ ಹೋದಷ್ಟೂ ಅಕ್ಕಪಕ್ಕದ ಕಾವೂ ಸೇರಿಬಿಡುತ್ತದೆ. ಕೆಂಪು ಚುಕ್ಕೆ ಗುರಿಗಷ್ಟೇ. ಅದನ್ನು ಯಾರ ಕಣ್ಣಿಗೂ ಬಿಡಬೇಡಿ.

ಇನ್ನು ಅಂಕಿಯ ಅರ್ಥ. ಉರಿಯುವಾಗ ಬ್ಯಾಟರಿಯ ತಲೆ ಬಿಸಿಯಾಗುವುದು ಸಹಜ. ದೀಪದ ಕಾವು ಅಲ್ಲಿಂದಲೇ ಹೊರಬರಬೇಕು. ಹೆಚ್ಚು ಗಮನ ಬೇಕಾದ್ದು ಚಾರ್ಜ್ ಆಗುವಾಗ, ಸೆಲ್ ಇರುವ ಜಾಗಕ್ಕೆ. ಸಾಮಾನ್ಯವಾಗಿ ಲಿಥಿಯಂ ಸೆಲ್ಲನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಚಾರ್ಜ್ ಮಾಡಬಾರದು. ನಾವು ಅಳೆಯುವುದು ಹೊರಮೈ. ಒಳಗೆ ಇನ್ನೂ ಹೆಚ್ಚಿರುತ್ತದೆ. ಆದ್ದರಿಂದ 40 ದಾಟುತ್ತಲೇ ಚಾರ್ಜರ್ ತೆಗೆಯುವುದು ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ ಪತ್ರಾಸಿನ ಮನೆಯೊಳಗಿನ ಗಾಳಿಯೇ ಅಷ್ಟಿರಬಹುದು. ಆಗ ಚಾರ್ಜ್ ಬೇಡ, ಸಂಜೆ ಎಚ್ಚರವಿರುವಾಗ ಮಾಡಿ. ಸೆಲ್ ಉಬ್ಬಿದ್ದರೆ ಅಂಕಿ ಎಷ್ಟೇ ಇರಲಿ, ಬಳಸಲೇಬೇಡಿ.

ಟ್ರ್ಯಾಕ್ಟರ್ ಬ್ಯಾಟರಿಗೂ ಇದು ಉಪಯೋಗ. ಎರಡೂ ತುದಿಗಳಿಗೆ ಟೇಪ್ ಅಂಟಿಸಿ, ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಬಂದ್ ಮಾಡಿ ಅಳೆಯಿರಿ. ಒಂದು ತುದಿ ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಅಲ್ಲಿ ಜೋಡಣೆ ಸಡಿಲವಾಗಿದೆ, ಇಲ್ಲವೇ ಕಿಲುಬು ಹಿಡಿದಿದೆ. ಚಾರ್ಜ್ ಆಗುವ ಟ್ರ್ಯಾಕ್ಟರ್ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಹತ್ತಿರ ಬೀಡಿ, ಕಡ್ಡಿ ಗೀರಬಾರದು.

ಪ್ರತಿ ಮನೆಯೂ ಇದನ್ನು ಕೊಳ್ಳಬೇಕಾಗಿಲ್ಲ. ಸ್ವಸಹಾಯ ಸಂಘಕ್ಕೆ ಒಂದಿದ್ದರೆ ಸಾಕು. ಮುಂದಿನ ಸಭೆಗೆ ತಮ್ಮ ತಮ್ಮ ಬ್ಯಾಟರಿ, ಚಾರ್ಜರ್ ತಂದು ಎಲ್ಲರೂ ಕೂಡಿ ಅಳೆದು ನೋಡೋಣ. ಸಾಧನ ಬರುವ ತನಕ ಕಾಯುವುದೂ ಬೇಡ: ಇವತ್ತು ರಾತ್ರಿಯೇ ಚಾರ್ಜರನ್ನು ಹಾಸಿಗೆಯಿಂದ ದೂರ, ಫರಸಿ ಕಲ್ಲಿನ ಮೇಲೆ ಇಡೋಣ.